ಪೋರ್ಷಿಯಾಳ ಮಾತು ನಮ್ಮ ಹುಡುಗಿಯರ ಬಾಯಲ್ಲಿ

ಮಂಡ್ಯ ಸೀಮೆಯ ಒಂದು ಸರ್ಕಾರಿ ಬಾಲಕಿಯರ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ಕನ್ನಡ ಮಾಧ್ಯಮದ ಶಾಲೆ. ಹತ್ತನೇ ತರಗತಿಯ ದ್ವಿತೀಯ ಭಾಷೆ ಪುಸ್ತಕದಲ್ಲಿ ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ಆಯ್ದ ಕರುಣೆಯ ಮಾತುಗಳು ಪದ್ಯವಾಗಿ ಬಂದಿವೆ. ಪರೀಕ್ಷೆಯಲ್ಲಿ ಕಂಠಪಾಠದ ಪ್ರಶ್ನೆಗೆ 4 ಅಂಕ ಇರುವುದರಿಂದ ಮಕ್ಕಳು ಅದನ್ನು ಗಡಗಡನೆ ಒಪ್ಪಿಸಿಬಿಡುತ್ತಾರೆ. ಆದರೆ ಆ ಮಾತಾಡುತ್ತಿರುವುದು ಪೋರ್ಷಿಯಾ ಎಂಬ ಹುಡುಗಿ, ಗಂಡುವೇಷ ತೊಟ್ಟು ವಕೀಲನಾಗಿ ತುಂಬಿದ ನ್ಯಾಯಾಲಯಕ್ಕೆ ನಡೆದು ಬಂದವಳು ಎನ್ನುವುದೇ ಬಹಳ ಮಕ್ಕಳಿಗೆ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಇದನ್ನು ಹೇಳದೆ ಆ ಪದ್ಯ ಮುಗಿಸುವುದು ನನ್ನ ಮನಸ್ಸಿಗೆ ಒಪ್ಪದ ಕೆಲಸ.

ಹಾಗಾಗಿ ಮೊದಲು ಪುಸ್ತಕ ಮುಚ್ಚಿಸುತ್ತೇನೆ. ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳುತ್ತೇನೆ. ಮೂರು ಸಾವಿರ ಡ್ಯುಕಟ್ (ಆ ಕಾಲದ ಚಿನ್ನದ ನಾಣ್ಯ) ಸಾಲ, ಗಡುವು ತಪ್ಪಿದರೆ ಮೈಯಿಂದ ಒಂದು ಪೌಂಡ್ ಮಾಂಸ ಎಂಬ ಕರಾರುಪತ್ರ, ಸಾಲ ಕೊಟ್ಟ ಶೈಲಾಕ್, ಅವನ ಮೈಮೇಲೆ ಹಿಂದೆ ಉಗಿದಿದ್ದು ಈಗ ಆ ಪತ್ರಕ್ಕೆ ಒಪ್ಪಿದ ಆಂಟೋನಿಯೊ. ಮಾಂಸದ ಕರಾರು ಅಂದ ಕೂಡಲೇ ನಮ್ಮ ಮಕ್ಕಳಿಗೆ ಗೋವಿನ ಹಾಡು ನೆನಪಾಗುತ್ತದೆ. ಯಾರೋ ಒಬ್ಬಳು ‘ಖಂಡವಿದೆಕೋ ಮಾಂಸವಿದೆಕೋ’ ಅಂತ ಎತ್ತಿದರೆ ಇಡೀ ತರಗತಿ ಹಾಡುತ್ತದೆ. ಅಲ್ಲೂ ಕೊಟ್ಟ ಮಾತಿದೆ, ಮಾಂಸ ಕೇಳುವ ಹಕ್ಕುಳ್ಳವನಿದ್ದಾನೆ. ಹುಲಿಗೆ ತಾನಾಗಿಯೇ ಮನಸ್ಸು ಕರಗಿತು. ಪೋರ್ಷಿಯಾ ಶೈಲಾಕನಿಂದ ಬೇಡುತ್ತಿರುವುದೂ ಅದನ್ನೇ. ಇಷ್ಟು ಹಿಡಿತಕ್ಕೆ ಸಿಕ್ಕರೆ ಪದ್ಯದ ಅರ್ಥಕ್ಕೆ ಗೈಡ್ ಬೇಕಾಗುವುದಿಲ್ಲ. ಪತ್ರದಲ್ಲಿ ಮಾಂಸವಿದೆ, ರಕ್ತವಿಲ್ಲ ಎಂದು ಪೋರ್ಷಿಯಾ ಗೆಲ್ಲುವುದನ್ನು ಹೇಳಿದಾಗ ‘ಪುಣ್ಯಕೋಟಿ ಗುಂಡಿಗೆಯ ಬಿಸಿರಕ್ತಾನೂ ಕೊಡ್ತೀನಿ ಅಂದಿದ್ಲು ಮಿಸ್’ ಎಂದಳು ಒಬ್ಬ ಹುಡುಗಿ. ಅಷ್ಟು ಸೂಕ್ಷ್ಮವಾಗಿ ಓದುವ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಬರೆದಿಡಲು ನಾನು ಸಿದ್ಧಳಿಲ್ಲ.

ಆಮೇಲೆ ದನಿ. ಊಟದ ಸಾಲಿನಲ್ಲಿ ಜೋರಾಗಿ ಕೂಗುವ ಹುಡುಗಿಯರು ಇಂಗ್ಲಿಷ್ ಅಂದರೆ ಬಾಯಿಗೆ ಕೈ ಅಡ್ಡ ಇಡುತ್ತಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರೆ ಆ ಕೈ ಇಳಿಯುವುದಿಲ್ಲ. ಎರಡು ಗುಂಪು ಮಾಡಿ ಎದುರುಬದುರು ನಿಲ್ಲಿಸುತ್ತೇನೆ. ಒಂದು ಗುಂಪು ‘ಇಟ್ ಬ್ಲೆಸ್ಸೆತ್ ಹಿಮ್ ದಟ್ ಗಿವ್ಸ್’ ಅಂದರೆ ಇನ್ನೊಂದು ‘ಅಂಡ್ ಹಿಮ್ ದಟ್ ಟೇಕ್ಸ್’ ಎಂದು ಮುಗಿಸಬೇಕು. ನಮ್ಮ ಕಡೆ ಹಾಲು ‘ಆಲು’, ಹಾಸನ ‘ಆಸನ’. ಹಾಗೇ ಹಿಮ್ ‘ಇಮ್’ ಆಗುತ್ತದೆ. ಮನೆಮಾತನ್ನು ತಪ್ಪು ಅನ್ನುವುದಿಲ್ಲ. ಅಂಗೈಯನ್ನು ತುಟಿಯ ಮುಂದೆ ಹಿಡಿದು ‘ಹಿಮ್’ ಅನ್ನಿ, ಉಸಿರು ತಾಗುತ್ತದೆಯೇ ನೋಡಿ ಅನ್ನುತ್ತೇನೆ. ಬಾಯಿ ಮುಚ್ಚುತ್ತಿದ್ದ ಕೈಗೆ ಹೀಗೆ ಬೇರೆ ಕೆಲಸ ಸಿಗುತ್ತದೆ.

ನಿಜವಾದ ಇಂಗ್ಲಿಷ್ ಹುಟ್ಟುವುದು ಜಗಳದಲ್ಲಿ. ಶೈಲಾಕನ ಆಸ್ತಿ ಹೋಯಿತು, ಅವನು ಕ್ರೈಸ್ತನಾಗಬೇಕು ಎಂಬ ಷರತ್ತೂ ಬಿತ್ತು ಎಂದು ಹೇಳಿ ನಾನು ಸುಮ್ಮನಾಗುತ್ತೇನೆ. ‘ಕರುಣೆ ಕರುಣೆ ಅಂದೋಳು ಅವ್ನಿಗೆ ತೋರಿಸ್ಲೇ ಇಲ್ವಲ್ಲ ಮಿಸ್?’ ಎಂಬ ಪ್ರಶ್ನೆ ಬರುತ್ತದೆ. ಗೆಳತಿಯರು ಪೋರ್ಷಿಯಾಳ ಪರ ನಿಲ್ಲುತ್ತಾರೆ. ಕನ್ನಡದಲ್ಲಿ ಬಿಸಿಯೇರಿದ ಮೇಲೆ ಬೋರ್ಡಿನ ಮೇಲೆ ‘ಐ ಥಿಂಕ್’ ಬರೆದು, ಜಾಗ ಬಿಟ್ಟು, ‘ಬಿಕಾಸ್’ ಬರೆಯುತ್ತೇನೆ. ನಾವು ಕಾರಣ ಮೊದಲು ಹೇಳಿ ಕ್ರಿಯಾಪದವನ್ನು ಕೊನೆಗೆ ಇಡುವವರು. ಈ ಚೌಕಟ್ಟು ಅವರ ವಾದವನ್ನು ಇಂಗ್ಲಿಷಿನ ಸಾಲಿಗೆ ತಿರುಗಿಸಿಕೊಡುತ್ತದೆ. ಅದೇ ಪ್ರಶ್ನೆ ಕೊನೆಗೆ ‘ಶಿ ಆಸ್ಕ್ಡ್ ಫಾರ್ ಮರ್ಸಿ, ಬಟ್ ಶಿ ಡಿಡ್ ನಾಟ್ ಗಿವ್ ಮರ್ಸಿ’ ಎಂದಾಯಿತು. ‘ಡಿಡ್ ನಾಟ್’ ಆದ ಮೇಲೆ ‘ಗೇವ್’ ಅಲ್ಲ, ‘ಗಿವ್’ ಎನ್ನುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಿಲ್ಲ.

ಪತ್ರಲೇಖನ, ಪ್ರೊಫೈಲ್ (ಕೊಟ್ಟ ವಿವರಗಳಿಂದ ಒಬ್ಬರ ಪರಿಚಯ ಬರೆಯುವುದು), ವ್ಯಾಕರಣ ಎಲ್ಲರಂತೆಯೇ ಮಾಡಿಸುತ್ತೇನೆ. ಜನವರಿ ಬಂದರೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕಲಿಸುವ ಪಾಸಿಂಗ್ ಪ್ಯಾಕೇಜ್, ಬೆಳಗಿನ ಸ್ಪೆಷಲ್ ಕ್ಲಾಸ್. ಇವನ್ನು ಕೀಳಾಗಿ ಕಾಣುವವರ ಜೊತೆ ನನಗೆ ತಕರಾರಿದೆ. 80 ಅಂಕದ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪಾಸಾದರೆ ಪಿಯುಸಿ, ಇಲ್ಲದಿದ್ದರೆ ಗಾರ್ಮೆಂಟ್ಸ್ ಇಲ್ಲವೇ ಮದುವೆಯ ಮಾತು, ಎಷ್ಟೋ ಮನೆಗಳಲ್ಲಿ.

ಅಕ್ಷರ ಕೂಡಿಸಿ ಓದಲೂ ತಡವರಿಸುವ ಮಕ್ಕಳಿಗೆ, ತರಗತಿಯಲ್ಲಿ ಈ ನಾಟಕ ಆಡಿಸುವಾಗ, ದೊಡ್ಡ ಪಾತ್ರವನ್ನೇ ಕೊಡುತ್ತೇನೆ. ಅವರು ಕೇಳಿ ಕೇಳಿ ಸಾಲು ಕಲಿಯುತ್ತಾರೆ. ಬಾಯಿಗೆ ಬಂದ ಮೇಲೆ ಪುಸ್ತಕ ತೆರೆಸಿ, ಹೇಳುತ್ತಾ ಹೋದಂತೆ ಪ್ರತಿ ಪದದ ಕೆಳಗೆ ಬೆರಳಿಡಿಸುತ್ತೇನೆ. ಬೆರಳು ಮಾತಿಗೆ ಸರಿಯಾಗಿ ನಿಲ್ಲತೊಡಗಿದರೆ, ಅದೇ ಪದಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಹೊಸ ವಾಕ್ಯ ಜೋಡಿಸಿ ಓದಲು ಹೇಳುತ್ತೇನೆ.