ಈಶಾನ್ಯಕ್ಕೆ ಗುಂಡಿ, ವಾಯವ್ಯಕ್ಕೆ ಬಾವಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಗುಡ್ಡ ಕಡಿದು ಮಾಡಿದ ಸೈಟುಗಳ ನಡುವೆ ನನಗೆ ಸಿಕ್ಕಿದ್ದು ಹನ್ನೆರಡು ಸೆಂಟ್ಸ್ ಜಾಗ. ಪೂರ್ವ-ಪಶ್ಚಿಮ 27 ಮೀಟರ್, ಉತ್ತರ-ದಕ್ಷಿಣ 18 ಮೀಟರ್. ಉತ್ತರಕ್ಕೆ ರಸ್ತೆ, ಉಳಿದ ಮೂರು ಕಡೆಗೂ ಮನೆಗಳು. ಪಶ್ಚಿಮ ಎತ್ತರ, ಪೂರ್ವಕ್ಕೆ ಇಳಿಜಾರು, ಅದರ ಕೆಳಗೆ ನೀರು ಹರಿಯುವ ತೋಡು.

ನಮ್ಮ ಮನೆಯ ನಕ್ಷೆಗಿಂತ ಮೊದಲು ನಾನು ಬರೆದದ್ದು ನೆರೆಮನೆಗಳ ನಕ್ಷೆ. ಯಾರ ಬಾವಿ ಎಲ್ಲಿ, ಯಾರ ಸೆಪ್ಟಿಕ್ ಟ್ಯಾಂಕ್ ಎಲ್ಲಿ, ಅದರಿಂದ ಹೊರಬಂದ ನೀರು ನೆಲಕ್ಕೆ ಇಳಿಯುವ ಇಂಗುಗುಂಡಿ ಎಲ್ಲಿ ಎಂದು ಟೇಪು ಹಿಡಿದು ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿದೆ. ಗುಂಡಿಯ ಜಾಗ ಕೇಳಿದರೆ ಜನರಿಗೆ ಒಂದು ಬಗೆಯ ಮುಜುಗರ. "ಅಲ್ಲೇ ಎಲ್ಲೋ ಹಿಂದೆ" ಎಂದು ಕೈ ತೋರಿಸುತ್ತಾರೆ. ಬಿಡದೆ ಹಿಂದೆ ಹೋಗಿ ನೋಡಬೇಕು.

ಹಾಳೆ ತುಂಬಿದಾಗ ವಿಷಯ ತಾನಾಗಿ ಎದ್ದು ಕಂಡಿತು. ಎಲ್ಲರೂ ವಾಸ್ತು ನೋಡಿಯೇ ಕಟ್ಟಿಸಿದ್ದರು: ಬಾವಿ ಈಶಾನ್ಯದಲ್ಲಿ, ಗುಂಡಿ ವಾಯವ್ಯದಲ್ಲಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಅಡಿಕೆ ತೋಟವೇ ಇದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಸಾಲು ಸೈಟುಗಳಲ್ಲಿ ಹಾಗಲ್ಲ. ನನ್ನ ಈಶಾನ್ಯ ಮೂಲೆಗೆ ತಾಗಿಕೊಂಡಿರುವುದು ಪೂರ್ವದ ಮನೆಯವರ ವಾಯವ್ಯ ಮೂಲೆ. ಅಲ್ಲಿ ನಾನು ಬಾವಿ ತೋಡಿದರೆ ಅವರ ಗುಂಡಿಗೂ ನನ್ನ ಕುಡಿಯುವ ನೀರಿಗೂ ನಾಲ್ಕು ಮೀಟರ್ ಅಂತರ ಸಿಗುವುದೂ ಕಷ್ಟ. ಕೇರಳದ ಪಂಚಾಯತ್ ಕಟ್ಟಡ ನಿಯಮದಲ್ಲಿ ಇದು ಕನಿಷ್ಠ 7.5 ಮೀಟರ್ ಇರಬೇಕು. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಹೇಳುವುದು 18 ಮೀಟರ್. ಐದು ಸೆಂಟ್ಸಿನ ಚೌಕ ಜಾಗದ ಒಂದು ಬದಿಯೇ 14 ಮೀಟರ್ ಆಗುವಾಗ ಈ 18 ಮೀಟರ್ ಎಷ್ಟು ಮಂದಿಗೆ ಸಿಕ್ಕೀತು?

ನಮ್ಮ ಊರಿನ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಮೀಟರ್ ಲೆಕ್ಕ ಒಂದನ್ನೇ ನಂಬುವಂತೆಯೂ ಇಲ್ಲ. ಮನೆಯ ಕಲ್ಲಿಗೆಂದು ಕಡಿದ ಕೋರೆಯಲ್ಲಿ ಗೋಡೆಯನ್ನು ಹತ್ತಿರದಿಂದ ನೋಡಿದ್ದೇನೆ. ಮೈಯೆಲ್ಲ ತೂತು; ಕೆಲವು ಕಡ್ಡಿಯಷ್ಟು, ಕೆಲವು ಹೆಬ್ಬೆರಳಿನಷ್ಟು, ಒಳಗೆ ಹಳದಿ ಮಣ್ಣು. ಒಂದು ತೂತಿಗೆ ಚೊಂಬಿನಿಂದ ನೀರು ಸುರಿದೆ. ಒಂದು ಮೊಳ ಕೆಳಗೆ, ಪಕ್ಕಕ್ಕೆ ಸರಿದು, ಇನ್ನೊಂದು ತೂತಿನಿಂದ ಅದೇ ನೀರು ಕೆಂಪಾಗಿ ಇಳಿಯಿತು. ಮರಳಿನಲ್ಲಿ ನೀರು ಸೋಸಿಕೊಂಡು ಮೆಲ್ಲಗೆ ಸಾಗುತ್ತದೆ, ದಾರಿಯಲ್ಲೇ ರೋಗಾಣುಗಳು ಸಾಯುತ್ತವೆ. ಇಲ್ಲಿ ಅಷ್ಟು ಪುರಸೊತ್ತು ಇಲ್ಲ. ಮುರಕಲ್ಲಿನ ಅಡಿಯ ಶೇಡಿ ಎಂಬ ನುಣುಪು ಜೇಡಿಮಣ್ಣಿನಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ. ಅದರ ಮೇಲೆ ನಿಂತು ಇಳಿಜಾರು ಇದ್ದ ಕಡೆ ಸರಿಯುತ್ತದೆ. ಹಾಗಾಗಿ ಎಷ್ಟು ದೂರ ಎಂಬುದರ ಜೊತೆಗೆ ನೀರು ಯಾವ ಕಡೆಗೆ ಹೋಗುತ್ತದೆ ಎಂಬುದೂ ನನಗೆ ಬೇಕಿತ್ತು.

ಇದಕ್ಕೆ ಮೇಸ್ತ್ರಿಯ ಲೆವೆಲ್ ಪೈಪ್, ಅಂದರೆ ಮಟ್ಟ ನೋಡಲು ನೀರು ತುಂಬಿಸಿದ ಪಾರದರ್ಶಕ ಕೊಳವೆ, ಸಾಕು. ಮೂರು ನೆರೆಮನೆಗಳ ಬಾವಿಕಟ್ಟೆಗಳ ಮೇಲೆ ಒಂದೇ ಮಟ್ಟದ ಗುರುತು ಹಾಕಿಕೊಂಡೆವು. ಕಟ್ಟೆಗೆ ಕಟ್ಟೆ ಎತ್ತರ ಸಾಲದಿದ್ದಲ್ಲಿ ಕೋಲು ನೆಟ್ಟು ಗುರುತಿಸಿದೆವು. ಆಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು, ಆ ಗುರುತಿನಿಂದ ನೀರು ಎಷ್ಟು ಕೆಳಗಿದೆ ಎಂದು ಅಳೆದೆ. ಬೆಳಗ್ಗೆ ಯಾರೂ ಪಂಪ್ ಹಾಕುವ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಜಡಿಯುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮತ್ತೊಮ್ಮೆ ಅಳೆದೆ. ಎರಡೂ ಸಲ ಪಶ್ಚಿಮದ ನೀರು ಮೇಲೆ, ಪೂರ್ವದ್ದು ಕೆಳಗೆ. ದಕ್ಷಿಣದ ಕಡೆಗೆ ಹೇಳಿಕೊಳ್ಳುವ ಇಳಿತ ಇರಲಿಲ್ಲ. ಜಾಗ ನೋಡುವವರು ಬೇಸಿಗೆಯಲ್ಲೇ ನೋಡುತ್ತಾರೆ, ಬಾವಿ ತೋಡುವುದೂ ಆಗಲೇ. ಗುಂಡಿಗೆ ಮಾತ್ರ ಆಟಿಯ ಲೆಕ್ಕ ಬೇಕು. ಪೂರ್ವದವರ ಬಾವಿಯಲ್ಲಿ ಆಗ ನೀರು ನೆಲಮಟ್ಟದಿಂದ ಎಂಟೇ ಅಡಿ ಕೆಳಗಿತ್ತು. ಅಂಥ ಕಡೆ ಹತ್ತು ಅಡಿಯ ಇಂಗುಗುಂಡಿ ತೋಡಿದರೆ ಮಳೆಗಾಲವಿಡೀ ಗುಂಡಿಯ ತಳವೇ ಅಂತರ್ಜಲದೊಳಗೆ ಇರುತ್ತದೆ.

ಇಷ್ಟಾದ ಮೇಲೆ ನಿರ್ಧಾರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾವಿ ವಾಯವ್ಯಕ್ಕೆ, ಎತ್ತರದ ಬದಿಗೆ. ಗುಂಡಿ ಈಶಾನ್ಯಕ್ಕೆ, ಪೂರ್ವದವರ ಗುಂಡಿಯ ಪಕ್ಕಕ್ಕೆ. ನಡುವೆ 20 ಮೀಟರಿಗಿಂತ ಹೆಚ್ಚು. ಆಗ್ನೇಯ ಮೂಲೆಯೂ ಖಾಲಿ ಇತ್ತು, ಆದರೆ ಅದಕ್ಕೆ ತಾಗಿ ದಕ್ಷಿಣದವರ ಬಾವಿ ಇದೆ. ಅವರ ಬಾವಿಗೆ ನನ್ನ ಗುಂಡಿಯಿಂದ, ನನ್ನ ಬಾವಿಗೆ ಅವರ ಗುಂಡಿಯಿಂದ 18 ಮೀಟರ್ ಪೂರ್ತಿ ಸಿಗಲಿಲ್ಲ, ಸ್ವಲ್ಪ ಕಡಿಮೆಯೇ ಆಯಿತು. ನೀರು ಆ ಕಡೆಗೆ ಹರಿಯುವುದಿಲ್ಲವೆಂದು ಒಪ್ಪಿಕೊಂಡೆ.

ತಕರಾರು ಎರಡು ಕಡೆಯಿಂದ ಬಂತು. ನನ್ನ ವಾಯವ್ಯಕ್ಕೆ ತಾಗಿ ಪಶ್ಚಿಮದ ಮಾಸ್ತರರ ಬಾವಿ. "ಇಷ್ಟು ಹತ್ತಿರ ತೋಡಿದರೆ ನಮ್ಮ ನೀರು ಎಳೆಯುವುದಿಲ್ಲವೇ?" ಎಂದರು. ಬೇಸಿಗೆಯಲ್ಲಿ ಸ್ವಲ್ಪ ಎಳೆಯುತ್ತದೆ, ಸುಳ್ಳು ಹೇಳಲಿಲ್ಲ. ಆದರೆ ಹಾಳೆಯನ್ನು ಅವರ ಮುಂದೆ ಹರಡಿ, "ಮಾಸ್ತರರೇ, ವಾಸ್ತು ಪ್ರಕಾರ ಹೋದರೆ ಈ ಮೂಲೆಯಲ್ಲಿ ನನ್ನ ಪಾಯಿಖಾನೆಯ ಗುಂಡಿ ಬರಬೇಕು" ಎಂದೆ. ಅವರು ಹಾಳೆ ನೋಡಿದರು, ತಮ್ಮ ಬಾವಿ ನೋಡಿದರು, ಮತ್ತೆ ಮಾತಿಲ್ಲದೆ ಲೆವೆಲ್ ಪೈಪಿನ ಒಂದು ತುದಿ ಹಿಡಿದುಕೊಂಡರು. ದೊಡ್ಡಪ್ಪನನ್ನು ಒಪ್ಪಿಸಲು ನನ್ನಿಂದಾಗಲಿಲ್ಲ. "ಈಶಾನ್ಯದಲ್ಲಿ ಗುಂಡಿ ಇಡುವವನನ್ನು ಇದೇ ಮೊದಲು ನೋಡುತ್ತಿದ್ದೇನೆ" ಎಂದರು. ಗೃಹಪ್ರವೇಶಕ್ಕೆ ಬಂದು ಊಟ ಮಾಡಿದರು. ಆ ಮೂಲೆಯ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಗುಂಡಿಯನ್ನು ನಾಲ್ಕೇ ಅಡಿ ಆಳಕ್ಕೆ ನಿಲ್ಲಿಸಿ ಅಗಲ ಮಾಡಿದೆ. ತಳಕ್ಕೆ ಕಾಂಕ್ರೀಟ್ ಹಾಕಿ, ಸುತ್ತ ಒಂದೂವರೆ ಅಡಿ ದಪ್ಪಕ್ಕೆ ಸಣ್ಣ ಮರಳು ತುಂಬಿಸಿದೆ. ಮನೆ ಕಟ್ಟುವುದಕ್ಕೇ ಮರಳು ಸಿಗದ ಊರಿನಲ್ಲಿ ಗುಂಡಿಯ ಸುತ್ತ ಮರಳು ಸುರಿಸುವವನನ್ನು ಕೆಲಸದವರು ಹೇಗೆ ನೋಡಿದರು ಎಂದು ಹೇಳಬೇಕಾಗಿಲ್ಲ. ಬಾವಿ ಎತ್ತರದಲ್ಲಿ ಇದ್ದುದರಿಂದ ಕೆಲವು ಕೋಲು (ಬಾವಿಯ ಆಳ ಅಳೆಯುವ ನಮ್ಮ ಕಡೆಯ ಅಳತೆ) ಹೆಚ್ಚು ಆಳ ಹೋಗಬೇಕಾಯಿತು, ಖರ್ಚೂ ಹಾಗೆಯೇ ಏರಿತು. ಮುರ ಗಟ್ಟಿ ಇದ್ದರೆ ಬಾವಿಯ ಒಳಗೋಡೆಯನ್ನು ಹಾಗೇ ಬಿಡುವುದು ಇಲ್ಲಿಯ ವಾಡಿಕೆ. ನಾನು ಮೇಲಿನ ಹತ್ತು ಅಡಿಗೆ ಸಿಮೆಂಟ್ ರಿಂಗ್ ಇಳಿಸಿ, ರಿಂಗಿನ ಹಿಂದೆ ಅಂಟುಮಣ್ಣು ಜಡಿಸಿದೆ. ಮಳೆಯ ಕೊಳೆನೀರು ಒಳಗೆ ಬರುವುದು ಆ ಮೇಲಿನ ತೂತುಗಳಿಂದಲೇ. ಕಟ್ಟೆಯ ಸುತ್ತ ಒಂದು ಮೀಟರ್ ಸಿಮೆಂಟ್ ಹಾಸು, ಹೊರಗೆ ಇಳಿಜಾರು, ನೀರು ಹೋಗಲು ಕಣಿ.

ಮೊದಲ ಆಟಿಯಲ್ಲಿ ಎಚ್‌ಟೂಎಸ್ ಬಾಟಲಿಯಲ್ಲಿ ನೀರು ತುಂಬಿಸಿಟ್ಟೆ. ಮಲದ ರೋಗಾಣು ಇದ್ದರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಕಪ್ಪಾಗಲಿಲ್ಲ. ಆದರೂ ಮಳೆ ಶುರುವಾದಾಗ ಬ್ಲೀಚಿಂಗ್ ಪೌಡರ್ ಬಿಡುವುದಿಲ್ಲ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗೆ ಕುಳಿತ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಡುತ್ತೇನೆ. ಒಂದು ಗಂಟೆ ಯಾರೂ ಬಳಸುವುದಿಲ್ಲ.

ಎಣ್ಮಕಜೆಯ ಮಾವನ ಮನೆಯಲ್ಲಿ ಈ ಯಾವ ಅಳತೆಯೂ ನಡೆಯಲಿಲ್ಲ. ಅಲ್ಲಿ ಕುಡಿಯುವ ನೀರು ಸುರಂಗದ್ದು, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಮಾರ್ಗದ್ದು. ಸುರಂಗದ ಬಾಯಿಯಿಂದ ಎಷ್ಟು ಮೀಟರ್ ಎಂದು ಅಳೆದು ಪ್ರಯೋಜನವಿಲ್ಲ, ಅದರ ನೀರು ಮೇಲಿನ ಗುಡ್ಡದ ಹೊಟ್ಟೆಯೊಳಗಿನಿಂದ ಬರುತ್ತದೆ. ಮೇಲಿನಿಂದ ಏನು ಇಳಿಯಬಹುದು ಎಂಬುದು ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಆ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ಈಗ ಆ ಗುಡ್ಡದ ತಲೆಯ ಮೇಲೆ ಜೆಸಿಬಿ ಓಡಾಡುತ್ತಿದೆ, ಹೊಸ ಮನೆಗಳು ಬರುತ್ತವಂತೆ. ಭಾವನಿಗೆ ಹೇಳಿದ್ದೇನೆ: ಅವರು ಅಡಿಪಾಯ ಹಾಕುವ ಮೊದಲೇ ಮೇಲೆ ಹತ್ತಿ ಹೋಗಿ, ಸುರಂಗ ಯಾವ ದಿಕ್ಕಿಗೆ ಎಷ್ಟು ಒಳಗೆ ಹೋಗಿದೆ ಎಂದು ತೋರಿಸಿ, ಗುಂಡಿಯನ್ನು ಗುಡ್ಡದ ಆಚೆ ಬದಿಗೆ ಕೇಳಿಕೊಳ್ಳಬೇಕೆಂದು. ಮುಂದಿನ ವಾರ ಹೋಗೋಣ ಎಂದಿದ್ದಾನೆ.