ಜೇನು ಬೆಳಕನ್ನು ಯಾವ ಕಡೆ ತಿರುಗಿಸುತ್ತದೆ? ಮನೆಯಲ್ಲೇ ಪೋಲರೈಸೇಶನ್ ಅಳೆಯುವ ಬಗೆ

ಕೊಡಗಿನಲ್ಲಿ ಜೇನು ಕೊಳ್ಳುವವರೆಲ್ಲ ಕೇಳುವುದು ಒಂದೇ, ಸಕ್ಕರೆ ಪಾಕ ಬೆರೆಸಿದ್ದಾರಾ ಅಂತ. ನೀರಿಗೆ ಹನಿ ಬಿಟ್ಟು ನೋಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಇವನ್ನು ನಾನಂತೂ ನಂಬುವುದಿಲ್ಲ. ಬೆಳಕಿನ ಪೋಲರೈಸೇಶನ್, ಅಂದರೆ ಅದು ಕಂಪಿಸುವ ದಿಕ್ಕು, ಅಳೆದರೆ ಇದಕ್ಕಿಂತ ಗಟ್ಟಿ ಉತ್ತರ ಸಿಗುತ್ತದೆ. ಪೂರ್ತಿ ಉತ್ತರ ಅಲ್ಲ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಲ್ಬಿನ ಬೆಳಕು ತಾನು ಸಾಗುವ ದಾರಿಗೆ ಅಡ್ಡಡ್ಡಲಾಗಿ ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತಿರುತ್ತದೆ. ಪೋಲರೈಸರ್ ಹಾಳೆ ಅದರಲ್ಲಿ ಒಂದೇ ದಿಕ್ಕಿನದನ್ನು ದಾಟಲು ಬಿಡುತ್ತದೆ. ಸಕ್ಕರೆ ನೀರು, ಜೇನು ಈ ದಿಕ್ಕನ್ನು ಸ್ವಲ್ಪ ತಿರುಗಿಸುತ್ತವೆ, ನಾವು ಅಳೆಯುವುದು ಅದನ್ನೇ. ಎರಡನೇ ಹಾಳೆ ಇಟ್ಟು ತಿರುಗಿಸಿದರೆ ಬೆಳಕು ಎಷ್ಟು ದಾಟುತ್ತದೆ ಅನ್ನುವ ಲೆಕ್ಕವನ್ನು ಫ್ರಾನ್ಸಿನ ವಿಜ್ಞಾನಿ ಮಾಲುಸ್ 1809ರಲ್ಲೇ ಕೊಟ್ಟಿದ್ದಾರೆ: ಕೋನದ ಕೊಸೈನ್‌ನ ವರ್ಗ. 45 ಡಿಗ್ರಿಯಲ್ಲಿ ಅರ್ಧ, 60ರಲ್ಲಿ ಕಾಲು, 90ರಲ್ಲಿ ಕತ್ತಲೆ.

ಸಾಮಾನು ಜಾಸ್ತಿ ಬೇಡ. ಎರಡು ಪೋಲರೈಸರ್ ಹಾಳೆ (ಆನ್‌ಲೈನ್‌ನಲ್ಲಿ ಸಿಗುತ್ತವೆ, ಕೆಟ್ಟ ಕ್ಯಾಲ್ಕುಲೇಟರ್‌ನ ಡಿಸ್‌ಪ್ಲೇಯಿಂದ ಮೆಲ್ಲಗೆ ಬಿಡಿಸಿಕೊಂಡರೂ ಆಯಿತು), ಒಂದು ಹಳದಿ ಎಲ್‌ಇಡಿ, ಕೋನಮಾಪಕ, ತಳ ಸಪಾಟಾಗಿರುವ ಎತ್ತರದ ಗಾಜಿನ ಲೋಟ, ಆಂಡ್ರಾಯ್ಡ್ ಫೋನು. ಫೋನಿನ ಬೆಳಕಿನ ಸೆನ್ಸರ್ ಮುಂದಿನ ಕ್ಯಾಮೆರಾ ಪಕ್ಕದಲ್ಲೆಲ್ಲೋ ಇರುತ್ತದೆ, ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಅದರ ಓದನ್ನು ಲಕ್ಸ್ ಅನ್ನುವ ಬೆಳಕಿನ ಅಳತೆಯಲ್ಲಿ ತೋರಿಸುತ್ತದೆ. ಪ್ಲಾಸ್ಟಿಕ್ ಲೋಟ ಮಾತ್ರ ಬೇಡವೇ ಬೇಡ, ಪ್ಲಾಸ್ಟಿಕ್ಕೇ ಪೋಲರೈಸೇಶನ್ ಕೆಡಿಸಿಬಿಡುತ್ತದೆ. ಎಲ್‌ಇಡಿಯನ್ನು ಬ್ಯಾಟರಿಯಲ್ಲಿ ಉರಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗಿರುತ್ತದೆ ಗೊತ್ತಲ್ವಾ, ವೋಲ್ಟೇಜ್ ಏರಿಳಿದರೆ ಓದಿದ ಅಂಕಿಯೆಲ್ಲ ಸುಳ್ಳು.

ಕೆಳಗೆ ಎಲ್‌ಇಡಿ, ಅದರ ಮೇಲೆ ಮೊದಲ ಹಾಳೆ, ಅದರ ಮೇಲೆ ಲೋಟ, ಲೋಟದ ಬಾಯಿಯ ಮೇಲೆ ಕೋನಮಾಪಕಕ್ಕೆ ಅಂಟಿಸಿದ ಎರಡನೇ ಹಾಳೆ, ಎಲ್ಲಕ್ಕಿಂತ ಮೇಲೆ ರಟ್ಟಿನ ಸೇತುವೆಯಲ್ಲಿ ಫೋನು, ಮುಖ ಕೆಳಗೆ. ಕೋಣೆ ಕತ್ತಲಾಗಿರಲಿ. ಎಲ್‌ಇಡಿ ಆರಿಸಿದಾಗ ಎಷ್ಟು ಲಕ್ಸ್ ಬರುತ್ತದೋ ಅದನ್ನು ಪ್ರತಿ ಅಳತೆಯಿಂದ ಕಳೆಯಿರಿ. ಮೊದಲು ಲೋಟದಲ್ಲಿ ಬರೀ ನೀರು. ಬೆಳಕು ಅತಿ ಹೆಚ್ಚು ಬರುವ ಕಡೆಯಿಂದ 60 ಡಿಗ್ರಿ ತಿರುಗಿಸಿದಾಗ ಅದರ ಕಾಲು ಭಾಗದ ಹತ್ತಿರ ಬಂದರೆ ಜೋಡಣೆ ಸರಿ ಇದೆ ಅಂತ ಅರ್ಥ.

ಮುಖ್ಯ ವಿಷಯ ಈಗ. ಪೂರ್ತಿ ಕತ್ತಲಾಗುವ ಕೋನ ಎಷ್ಟು ಸರಿಯಿತೋ ಬೆಳಕು ಅಷ್ಟು ತಿರುಗಿದೆ ಅಂತ ಅರ್ಥ. ಆದರೆ ಆ ಕೋನವನ್ನು ನೇರವಾಗಿ ಹುಡುಕಲು ಹೋಗಬೇಡಿ. ಆ ಜಾಗದಲ್ಲಿ ಒಂದೆರಡು ಡಿಗ್ರಿ ತಿರುಗಿಸಿದರೂ ಬೆಳಕು ಹೆಚ್ಚೂಕಡಿಮೆ ಬದಲಾಗುವುದೇ ಇಲ್ಲ, ಫೋನು ಸುಮ್ನೆ ಸೊನ್ನೆ ತೋರಿಸುತ್ತಾ ಕೂರುತ್ತದೆ. ಅದರ ಬದಲು ಒಂದು ಅಂಕಿ ಆರಿಸಿಕೊಳ್ಳಿ, 40 ಲಕ್ಸ್ ಅನ್ನೋಣ. ಕತ್ತಲೆಯ ಒಂದು ಬದಿಯಲ್ಲಿ 40 ಬರುವ ಕೋನ ಬರೆದುಕೊಳ್ಳಿ, ಇನ್ನೊಂದು ಬದಿಯಲ್ಲೂ 40 ಬರುವ ಕೋನ ಬರೆದುಕೊಳ್ಳಿ, ನಡುವಿನದು ನಿಜವಾದ ಕತ್ತಲೆ. 71 ಮತ್ತು 109 ಬಂದರೆ 90. ಫೋನಿನ ಲಕ್ಸ್ ಅಷ್ಟೇನೂ ಕರಾರುವಾಕ್ಕಲ್ಲ, ಆದರೆ ಎರಡೂ ಬದಿಗೆ ಒಂದೇ ತಪ್ಪು ಮಾಡುವುದರಿಂದ ಕೋನ ಕೆಡುವುದಿಲ್ಲ.

ಇನ್ನು ಸಕ್ಕರೆಯಲ್ಲಿ ಪರೀಕ್ಷೆ. 20 ಗ್ರಾಂ ಸಕ್ಕರೆಗೆ ನೀರು ಹಾಕುತ್ತ ಕರಗಿಸಿ, ಒಟ್ಟು 100 ಮಿಲಿಲೀಟರ್ ಮಾಡಿ. ಲೋಟದಲ್ಲಿ ಸರಿಯಾಗಿ 10 ಸೆಂಟಿಮೀಟರ್ ಎತ್ತರಕ್ಕೆ ತುಂಬಿ, ಸಾಲದಿದ್ದರೆ ಅದೇ ಅಳತೆಯಲ್ಲಿ ಇನ್ನಷ್ಟು ಮಾಡಿಕೊಳ್ಳಿ. ಈಗ ಎರಡು ಕೋನ 84 ಮತ್ತು 122 ಅಂತ ಬಂದರೆ ನಡುವೆ 103, ಅಂದರೆ 13 ಡಿಗ್ರಿ ತಿರುಗಿದೆ. ಲೆಕ್ಕದ ಪ್ರಕಾರ 13.3 ಬರಬೇಕು, ಯಾಕೆಂದರೆ ಸಕ್ಕರೆಯ ವಿಶಿಷ್ಟ ತಿರುಗುವಿಕೆ 66.5, ಅಂದರೆ ಮಿಲಿಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 10 ಸೆಂಟಿಮೀಟರ್ ದಾರಿಗೆ ಅಷ್ಟು ಡಿಗ್ರಿ, ನಮ್ಮಲ್ಲಿ ಅದರ ಐದನೇ ಒಂದು ಭಾಗ. ಈ ಅಂಕಿ 589 ನ್ಯಾನೋಮೀಟರ್ ತರಂಗದ, ಸೋಡಿಯಂ ದೀಪದ ಹಳದಿ ಬೆಳಕಿಗೆ. ಹಳದಿ ಎಲ್‌ಇಡಿ ಅಂದಿದ್ದೂ ಅದಕ್ಕೇ: ಬಿಳಿ ಬೆಳಕಾದರೆ ಒಂದೊಂದು ಬಣ್ಣ ಒಂದೊಂದಷ್ಟು ತಿರುಗುತ್ತದೆ, ಕತ್ತಲೆ ಸಿಗುವುದೇ ಇಲ್ಲ.

ಮೇಲಿನಿಂದ ನೋಡಿದಾಗ ಸಕ್ಕರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಅಂದರೆ ಬಲಕ್ಕೆ ತಿರುಗಿಸುತ್ತದೆ. ಹೂವಿನ ಜೇನು ಸಾಮಾನ್ಯವಾಗಿ ಎಡಕ್ಕೆ, ಎಡಕ್ಕೆ ತಿರುಗಿಸುವ ಫ್ರಕ್ಟೋಸ್ ಅನ್ನುವ ಸಕ್ಕರೆ ಅದರಲ್ಲಿ ಜಾಸ್ತಿ ಇರುವುದರಿಂದ. ಜೇನನ್ನೂ 20 ಗ್ರಾಂ ಅದೇ ರೀತಿ ಕರಗಿಸಿ, ಕದಡಿದಂತಿದ್ದರೆ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಒಂದು ರಾತ್ರಿ ಬಿಡಿ. ಆಗಷ್ಟೇ ಕರಗಿಸಿದ ಜೇನಿನಲ್ಲಿ ಗ್ಲೂಕೋಸ್ ಇನ್ನೂ ರೂಪ ಬದಲಿಸುತ್ತಿರುತ್ತದೆ, ಕೋನ ನಿಲ್ಲುವುದಿಲ್ಲ. ತಿರುಗುವುದು ಕೆಲವೇ ಡಿಗ್ರಿ. ಎರಡು ಬದಿಯ ಉಪಾಯ ಇಲ್ಲದೆ ಇಲ್ಲಿ ಏನೂ ಗೊತ್ತಾಗುವುದಿಲ್ಲ.

ಇದೇ ಜೋಡಣೆಯಲ್ಲಿ ಪೋಲರೈಸೇಶನ್ ಬದಲಿಸಿಯೂ ನೋಡಬಹುದು. ಸಿನಿಮಾದ 3ಡಿ ಕನ್ನಡಕ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಒಂದು ಕಣ್ಣು ಮುಚ್ಚಿ. ನೋಡುತ್ತಿರುವ ಕಣ್ಣಿನ ಗಾಜೇ ಕಪ್ಪಾಗಿ ಕಂಡರೆ ಅದು ವೃತ್ತಾಕಾರದ ಪೋಲರೈಸರ್. ಅದನ್ನು ಮೊದಲ ಹಾಳೆಯ ಜಾಗದಲ್ಲಿಟ್ಟು ಕಣ್ಣಿನ ಬದಿಯಿಂದ ಬೆಳಕು ಹಾಯಿಸಿದರೆ ಆಚೆ ಬರುವುದು ವೃತ್ತಾಕಾರದ ಬೆಳಕು, ಅಂದರೆ ಕಂಪಿಸುವ ದಿಕ್ಕು ಸುತ್ತುತ್ತಲೇ ಇರುವ ಬೆಳಕು, ಮೇಲಿನ ಹಾಳೆ ಎಷ್ಟು ತಿರುಗಿಸಿದರೂ ಲಕ್ಸ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಡ ವೃತ್ತವೋ ಬಲ ವೃತ್ತವೋ ತಿಳಿಯಲು ಇನ್ನೊಂದು ಅಂಥದೇ ಕನ್ನಡಕದ ಎರಡೂ ಗಾಜನ್ನು, ಹೊರಬದಿ ಬೆಳಕಿನ ಕಡೆಗಿರುವಂತೆ, ಒಂದೊಂದಾಗಿ ಇಟ್ಟು ಹೋಲಿಸಿ. ಮಳೆಗಾಲದಲ್ಲಿ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಜೇನು ಬಲಕ್ಕೆ ತಿರುಗಿಸಿತು ಅನ್ನಿ, ಕೂಡಲೇ ಮಾರಿದವರ ಮೇಲೆ ಜಗಳಕ್ಕೆ ಹೋಗಬೇಡಿ. ಗಿಡದ ರಸ ಹೀರುವ ಕೀಟಗಳು ಬಿಡುವ ಸಿಹಿಯಿಂದ ಆದ ಜೇನೂ ಬಲಕ್ಕೆ ತಿರುಗಿಸಬಹುದು. ಎಡಕ್ಕೆ ತಿರುಗಿಸಿದರೆ ಶುದ್ಧ ಅಂತಲೂ ಅಲ್ಲ, ಇನ್ವರ್ಟ್ ಸಕ್ಕರೆ ಪಾಕವೂ (ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದ ಪಾಕ) ಎಡಕ್ಕೇ ತಿರುಗಿಸುತ್ತದೆ. ಬರೀ ಸಕ್ಕರೆ ಪಾಕ ಧಾರಾಳವಾಗಿ ಸುರಿದಿದ್ದರೆ ಮಾತ್ರ ಇದರಲ್ಲಿ ಸಿಕ್ಕಿಬೀಳುತ್ತದೆ.