ವಿಂಡೋಸ್ ಯಾವುದು ಅಂತ ಪ್ರೋಗ್ರಾಂನಿಂದಲೇ ಕಂಡುಹಿಡಿದದ್ದು: ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಲವು ಅಂಗಡಿಗಳು ನನ್ನ ಬಿಲ್ಲಿಂಗ್ ಪ್ರೋಗ್ರಾಂ ಬಳಸುತ್ತವೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಹಳೇ ಕೋಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯುವುದಿತ್ತಲ್ಲ, ಆಗ ಯಾರ ಹತ್ತಿರ ಯಾವ ವಿಂಡೋಸ್ ಇದೆ ಅಂತ ತಿಳಿಯಬೇಕಾಯಿತು. ಅಂಗಡಿ ಅಂಗಡಿ ತಿರುಗುವ ಬದಲು ಪ್ರೋಗ್ರಾಮೇ ಅದನ್ನು ಲಾಗ್ ಫೈಲಿಗೆ ಬರೆಯುವ ಹಾಗೆ ಮಾಡಿದೆ.

ಲಾಗ್ ತೆಗೆದರೆ ಹೊಸ ಕಂಪ್ಯೂಟರಿನಲ್ಲೂ 6.2, ಅಂದರೆ ವಿಂಡೋಸ್ 8! ಒಬ್ಬರನ್ನು ಫೋನಿನಲ್ಲಿ ಕೇಳಿದೆ. "ಸರ್, ಮೊನ್ನೆ ತಂದ ಕಂಪ್ಯೂಟರ್ ಇದು, ಎಂಟು ಎಲ್ಲಿಂದ ಬಂತ್ರೀ?" ಅಂದರು.

ಇದು ಮೈಕ್ರೋಸಾಫ್ಟ್ ಬೇಕಂತಲೇ ಮಾಡಿದ್ದು. ವಿಂಡೋಸ್ 8.1 ಬಂದಾಗಿನಿಂದ, ನಾನು ವರ್ಷನ್ ಕೇಳಲು ಕರೆದಿದ್ದ ವಿಂಡೋಸ್ ಫಂಕ್ಷನ್ ಗೆಟ್‌ವರ್ಷನ್‌ಎಕ್ಸ್ ನಿಜ ಹೇಳುವುದಿಲ್ಲ. ಹೊಸ ವಿಂಡೋಸ್ ನನಗೆ ಗೊತ್ತು ಅಂತ ಪ್ರೋಗ್ರಾಂ ತನ್ನ ಮ್ಯಾನಿಫೆಸ್ಟ್‌ನಲ್ಲಿ (ಪ್ರೋಗ್ರಾಂ ತನ್ನ ಬಗ್ಗೆ ವಿಂಡೋಸ್‌ಗೆ ಕೊಡುವ ಮಾಹಿತಿ) ಬರೆದುಕೊಂಡಿರದಿದ್ದರೆ 6.2 ಅಂತಲೇ ಉತ್ತರ. ವರ್ಷನ್ ನಂಬರನ್ನು ತಪ್ಪಾಗಿ ಹೋಲಿಸಿ ಸುಮ್ನೆ ಕೆಲಸ ನಿಲ್ಲಿಸುವ ಪ್ರೋಗ್ರಾಂಗಳು ಆಗ ಜಾಸ್ತಿ ಇದ್ದವು, ಅವು ಓಡಲಿ ಅಂತ ಈ ಏರ್ಪಾಡು. ಬೈಯೋಣ ಅನಿಸುತ್ತದೆ, ಆದರೆ ಅಕ್ಷರಗಳಾಗಿ ಹೋಲಿಸಿದರೆ "10.0" ಎನ್ನುವುದು "6.1"ಕ್ಕಿಂತ ಚಿಕ್ಕದು, ಅಂಥ ಕೋಡನ್ನು ನಾನೇ ಬೇಕಾದಷ್ಟು ನೋಡಿದ್ದೇನೆ.

ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಓದಿದರಾಯಿತು ಅಂತ ಹಲವರು ಹೇಳುತ್ತಾರೆ. ಬೇಡ. ಅಲ್ಲಿನ ಕರೆಂಟ್‌ವರ್ಷನ್ 6.3ರಲ್ಲೇ, ಅಂದರೆ ವಿಂಡೋಸ್ 8.1ರಲ್ಲೇ, ನಿಂತುಬಿಟ್ಟಿದೆ, ಪ್ರಾಡಕ್ಟ್‌ನೇಮ್ ವಿಂಡೋಸ್ 11ರಲ್ಲೂ "ವಿಂಡೋಸ್ 10" ಅನ್ನುತ್ತದೆ.

ನಾನು ಹಿಡಿದ ದಾರಿ ವಿಂಡೋಸ್‌ನ ಒಳಗಿನ ಲೈಬ್ರರಿ ಫೈಲಾದ ಎನ್‌ಟಿ ಡಿಎಲ್‌ಎಲ್‌ನಲ್ಲಿರುವ ಆರ್‌ಟಿಎಲ್‌ಗೆಟ್‌ವರ್ಷನ್ ಎನ್ನುವ ಫಂಕ್ಷನ್. ಮ್ಯಾನಿಫೆಸ್ಟ್ ಇರಲಿ ಬಿಡಲಿ, ಅದು ನಿಜವಾದ ನಂಬರ್ ಕೊಡುತ್ತದೆ. ಫಂಕ್ಷನ್ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವ ಗೆಟ್‌ಪ್ರೊಕ್‌ಅಡ್ರೆಸ್‌ನಿಂದ ಅದರ ವಿಳಾಸ ತೆಗೆದುಕೊಂಡು, ಉತ್ತರ ಬಂದು ಕೂರುವ ಸ್ಟ್ರಕ್ಚರಿನಲ್ಲಿ ಅದರ ಸೈಜ್ ತುಂಬಿ ಕರೆದರೆ ಮುಗಿಯಿತು. ಸೈಜ್ ತುಂಬುವುದನ್ನು ಮಾತ್ರ ಬಿಡಬೇಡಿ. ವಿಂಡೋಸ್ 11 ಕೂಡ 10.0 ಅಂತಲೇ ಹೇಳಿಕೊಳ್ಳುವುದರಿಂದ ಬಿಲ್ಡ್ ನಂಬರ್ (ವರ್ಷನ್ ನಂಬರಿನ ನಂತರ ಬರುವ ಸಂಖ್ಯೆ) ನೋಡಲೇಬೇಕು: 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು 11. ಸರ್ವರ್ ಇದ್ದರೆ ಪ್ರಾಡಕ್ಟ್ ಟೈಪನ್ನೂ (ಸರ್ವರೋ ಮಾಮೂಲಿ ಕಂಪ್ಯೂಟರೋ ಅಂತ ತಿಳಿಸುವುದು) ನೋಡಿ, ಯಾಕೆಂದರೆ ವಿಂಡೋಸ್ ಸರ್ವರ್ 2025 ಮತ್ತು ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಎರಡಕ್ಕೂ ಬಿಲ್ಡ್ 26100.

ಇಷ್ಟೆಲ್ಲ ಲಾಗ್‌ಗೆ ಮಾತ್ರ. ಒಂದು ಸೌಲಭ್ಯ ಇದೆಯೋ ಇಲ್ಲವೋ ತಿಳಿಯಬೇಕಾದ ಕಡೆ ನಾನು ವರ್ಷನ್ ಕೇಳುವುದೇ ಇಲ್ಲ, ಆ ಫಂಕ್ಷನ್ ಸಿಗುತ್ತದಾ ಅಂತ ನೇರವಾಗಿ ಹುಡುಕುತ್ತೇನೆ, ಸಿಗದಿದ್ದರೆ ಹಳೇ ದಾರಿಯಲ್ಲೇ ಬಿಲ್ ಪ್ರಿಂಟ್ ಆಗುತ್ತದೆ.